ನಾಲಗೆಯಿಂದ ಕೇಳಿಸಿಕೊಂಡವರು

ಫಜ್ರ್ ನಮಾಝ್ ಮುಗಿಸಿ ಮನೆಗೆ ಮರಳಿದ್ದೀರಿ. ಚಹಾ ಇನ್ನೂ ಒಲೆಯ ಮೇಲಿದೆ. ಕೈ ತಾನಾಗಿಯೇ ಮೊಬೈಲಿನತ್ತ ಚಾಚುತ್ತದೆ. ನೀವು ನಿದ್ರಿಸುತ್ತಿದ್ದಾಗ ಅದು ನಿದ್ರಿಸಿರಲಿಲ್ಲ. ಕುಟುಂಬದ ಗುಂಪಿನಲ್ಲಿ ಹದಿನೇಳು, ಮೊಹಲ್ಲಾದ ಗುಂಪಿನಲ್ಲಿ ನಲ್ವತ್ತು, ಹಳೆಯ ಸಹಪಾಠಿಗಳ ಗುಂಪಿನಲ್ಲಿ ಲೆಕ್ಕವಿಲ್ಲದಷ್ಟು ಸಂದೇಶಗಳು ಕಾಯುತ್ತಿವೆ. ಯಾವುದೋ ಊರಿನಲ್ಲಿ ಯಾರೋ ಯುವಕನನ್ನು ಹೊಡೆಯುತ್ತಿರುವ ದೃಶ್ಯ. ಯಾವುದೋ ಬಿಸ್ಕತ್ತಿನಲ್ಲಿ ಹರಾಮ್ ಬೆರೆತಿದೆಯೆಂಬ ಎಚ್ಚರಿಕೆ. ಹತ್ತು ಮಂದಿಗೆ ಕಳುಹಿಸಿದರೆ ಸಂಜೆಯೊಳಗೆ ಶುಭವಾರ್ತೆ ಬರುವುದೆಂಬ ದುಆ. ನೀವು ಕೆಟ್ಟವರಲ್ಲ, ಯಾರ ಕೇಡನ್ನೂ ಬಯಸುವವರಲ್ಲ. ಮೊದಲನೆಯದನ್ನು ನೋಡಿ ಮನ ಮರುಗುತ್ತದೆ, ಎರಡನೆಯದನ್ನು ಓದಿ ಮಕ್ಕಳ ನೆನಪಾಗುತ್ತದೆ. ಹೆಬ್ಬೆರಳು ಒಮ್ಮೆ ಒತ್ತುತ್ತದೆ. ಚಹಾ ಕುದಿಯುವ ಮೊದಲೇ ಅದು ಇನ್ನೈದು ಮನೆಗಳಿಗೆ ತಲುಪಿಯಾಗಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಕ್ಷಣದಲ್ಲಿ ನೀವು ಮಾತನಾಡಿದಿರೋ, ಇಲ್ಲವೋ?

"ನಾನೇನೂ ಹೇಳಲಿಲ್ಲ, ಬಂದದ್ದನ್ನು ಹಾಗೆಯೇ ಕಳುಹಿಸಿದೆ" ಎಂಬುದು ನಮ್ಮೆಲ್ಲರ ಸಿದ್ಧ ಉತ್ತರ. ಅಂಚೆಯವನು ಕಾಗದದಲ್ಲಿರುವ ವಿಷಯಕ್ಕೆ ಹೊಣೆಗಾರನೇ ಎಂದು ಕೇಳುವವರೂ ಇದ್ದಾರೆ. ಆದರೆ ಅಂಚೆಯವನು ಲಕೋಟೆಯನ್ನು ಒಡೆಯುವುದಿಲ್ಲ, ಓದುವುದಿಲ್ಲ, ಇದನ್ನು ಕೊಡೋಣ ಅದನ್ನು ಬಿಡೋಣವೆಂದು ಆರಿಸುವುದಿಲ್ಲ. ಕಾಗದ ಯಾರಿಗೆ ಸೇರಬೇಕೆಂಬುದನ್ನು ನಿರ್ಧರಿಸುವವನೂ ಅವನಲ್ಲ. ನಾವು ಓದುತ್ತೇವೆ, ಆರಿಸುತ್ತೇವೆ, ಯಾರಿಗೆಂದು ನಿರ್ಧರಿಸುತ್ತೇವೆ. ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಹೆಸರಿನಿಂದ ಅದು ಹೋಗುತ್ತದೆ. ನಿಮ್ಮ ತಂಗಿ ಅದನ್ನು ನಂಬುವುದು ಅದನ್ನು ಬರೆದವನ ಮೇಲಿನ ಭರವಸೆಯಿಂದಲ್ಲ. ಬರೆದವನು ಯಾರೆಂದು ಆಕೆಗೆ ಗೊತ್ತೇ ಇಲ್ಲ. "ಅಣ್ಣ ಕಳುಹಿಸಿದ್ದಾನೆ" ಎಂಬ ಕಾರಣಕ್ಕೆ ಆಕೆ ನಂಬುತ್ತಾಳೆ. ಸುಳ್ಳು ಯಾರದ್ದೋ ಇರಬಹುದು, ಅದಕ್ಕೆ ಜಾಮೀನು ನಿಂತವರು ನೀವು.

2018ರ ಜುಲೈ 13, ಶುಕ್ರವಾರ. ಹೈದರಾಬಾದಿನಿಂದ ಬೀದರ್ ಜಿಲ್ಲೆಯ ಔರಾದ್ ಕಡೆಗೆ ಕೆಲವು ಯುವಕರು ಕಾರಿನಲ್ಲಿ ಬಂದಿದ್ದರು. ಜೊತೆಯಲ್ಲಿ ಕತಾರ್‌ನ ಒಬ್ಬ ಅತಿಥಿಯೂ ಇದ್ದ. ದಾರಿಯಲ್ಲಿ ನಿಂತಾಗ ಆತ ಅಲ್ಲಿದ್ದ ಶಾಲಾ ಮಕ್ಕಳಿಗೆ ಚಾಕಲೇಟು ಹಂಚಿದ. ಮಕ್ಕಳ ಕಳ್ಳರೆಂಬ ಗುಮಾನಿ ಹುಟ್ಟಲು ಅಷ್ಟೇ ಸಾಕಾಯಿತು. ಕಾರು ಅಲ್ಲಿಂದ ಹೊರಟಿತು. ಆದರೆ ಅದಕ್ಕಿಂತ ವೇಗವಾಗಿ ಅವರ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಮುಂದಿನ ಊರಾದ ಮುರ್ಕಿಯನ್ನು ತಲುಪಿತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿ ಜನ ಕಾಯುತ್ತಿದ್ದರು. ಮೂವತ್ತೆರಡು ವರ್ಷದ ಒಬ್ಬ ಇಂಜಿನಿಯರ್ ಅಲ್ಲೇ ಪ್ರಾಣ ಬಿಟ್ಟ. ಇತರರು ತೀವ್ರವಾಗಿ ಗಾಯಗೊಂಡರು. ರಕ್ಷಿಸಲು ಬಂದ ಪೊಲೀಸರಿಗೂ ಏಟು ಬಿತ್ತು. ಬಂಧಿತರಲ್ಲಿ ಹೊಡೆದವರಷ್ಟೇ ಅಲ್ಲ, ವಾಟ್ಸ್ಆ್ಯಪ್ ಗುಂಪೊಂದರ ನಿರ್ವಾಹಕನೂ ಇದ್ದ. ಅದಕ್ಕೆ ಎರಡು ತಿಂಗಳ ಹಿಂದೆ, ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಇಪ್ಪತ್ತಾರು ವರ್ಷದ ಒಬ್ಬ ಬಡಪಾಯಿಯನ್ನು ಇದೇ ಗುಮಾನಿಯ ಮೇಲೆ ಕಟ್ಟಿ ಬಡಿದು ಕೊಂದಿದ್ದರು. ಒಬ್ಬ ಮುಸ್ಲಿಮ್, ಇನ್ನೊಬ್ಬ ಹಿಂದೂ. ವದಂತಿಗೆ ಧರ್ಮವಿಲ್ಲ.

ಆ ದಿನಗಳಲ್ಲಿ ಬೆಂಗಳೂರೂ ಸೇರಿದಂತೆ ದೇಶದ ಹಲವೆಡೆ ಒಂದು ವೀಡಿಯೋ ಹರಿದಾಡುತ್ತಿತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಪರಾರಿಯಾಗುತ್ತಾರೆ. ನೋಡಿದ ಯಾವ ತಾಯಿಯ ಎದೆ ತಾನೇ ನಡುಗದು? ಆದರೆ ಅದು ನಮ್ಮ ದೇಶದ್ದೇ ಅಲ್ಲ. ನಿಜವಾದ ಅಪಹರಣವೂ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಕಾಣೆಯಾದ ಮಕ್ಕಳಿಗಾಗಿ ದುಡಿಯುವ ಒಂದು ಸಂಸ್ಥೆ ತಂದೆತಾಯಂದಿರನ್ನು ಎಚ್ಚರಿಸಲು ಮಾಡಿಸಿದ ಕಿರುಚಿತ್ರವದು. ಮೂಲಚಿತ್ರದ ಕೊನೆಯಲ್ಲಿ ಆ ಬೈಕ್ ಮರಳಿ ಬರುತ್ತದೆ, ಮಗುವನ್ನು ಇಳಿಸುತ್ತದೆ, ಸವಾರ ಒಂದು ಫಲಕವನ್ನು ಬಿಡಿಸಿ ತೋರಿಸುತ್ತಾನೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದರು. ಎಚ್ಚರಿಕೆಯಾಗಿದ್ದದ್ದು ಆರೋಪವಾಯಿತು.

ಮಾತನ್ನು ಅರ್ಧಕ್ಕೆ ಕತ್ತರಿಸುವ ಈ ವಿದ್ಯೆ ನಮಗೆ ಹೊಸತೇನಲ್ಲ. ನಮಾಝಿನ ಬಳಿಗೆ ಹೋಗಬೇಡಿರೆಂದು ಕುರ್‌ಆನ್‌ನಲ್ಲೇ ಇದೆಯಲ್ಲ ಎಂದು ಹೇಳಿ, ಅಮಲಿನಲ್ಲಿರುವಾಗ ಎಂಬುದನ್ನು ನುಂಗಿಬಿಡುವ ಸೋಮಾರಿಯ ಕಥೆಯನ್ನು ನಮ್ಮ ಮದ್ರಸದ ಮಕ್ಕಳೂ ಬಲ್ಲರು. ಆಗ ನಗುತ್ತಿದ್ದೆವು. ಈಗ ಅದೇ ಕತ್ತರಿ ಪ್ರತಿಯೊಬ್ಬನ ಜೇಬಿನಲ್ಲಿದೆ, ಅದರಿಂದ ಹೆಣ ಬೀಳುತ್ತಿದೆ.

ಈಗ ಪವಿತ್ರ ಕುರ್‌ಆನ್‌ನ ಒಂದು ಶಬ್ದದ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ಅನ್ನೂರ್ ಅಧ್ಯಾಯದ 15ನೆಯ ಸೂಕ್ತ. ಸಂದರ್ಭ ನಿಮಗೆ ಗೊತ್ತು. ಬನೂ ಮುಸ್ತಲಿಕ್ ದಂಡಯಾತ್ರೆಯಿಂದ ಮರಳುವಾಗ ವಿಶ್ವಾಸಿಗಳ ಮಾತೆ ಹ. ಆಯಿಶಾ(ರ)ರ ಕಂಠಹಾರ ಕಳೆದುಹೋಯಿತು. ಅದನ್ನು ಹುಡುಕಲು ಹೋದಾಗ ಪಯಣಿಗರ ತಂಡ ಹೊರಟುಹೋಯಿತು. ಆಗ ಅವರ ಪ್ರಾಯ ಚಿಕ್ಕದು, ಮೈ ಹಗುರ. ಪಲ್ಲಕ್ಕಿಯನ್ನು ಒಂಟೆಯ ಮೇಲೇರಿಸಿದವರಿಗೆ ಅದು ಬರಿದೆಂದು ತಿಳಿಯಲೇ ಇಲ್ಲ. ಹಿಂದಿನಿಂದ ಬರುತ್ತಿದ್ದ ಹ. ಸಫ್ವಾನ್(ರ) ಅವರನ್ನು ತನ್ನ ಒಂಟೆಯಲ್ಲಿ ಕುಳ್ಳಿರಿಸಿ, ತಾನು ನಡೆಯುತ್ತಾ ಕರೆತಂದರು. ಕಪಟವಿಶ್ವಾಸಿಗಳ ನಾಯಕ ಅಬ್ದುಲ್ಲಾ ಬಿನ್ ಉಬಯ್ಯ್‌ಗೆ ಬೇಕಾದದ್ದು ಸಿಕ್ಕಿಬಿಟ್ಟಿತು. ಮದೀನದಲ್ಲಿ ಸುಮಾರು ಒಂದು ತಿಂಗಳ ಕಾಲ ಮನೆಯಿಂದ ಮನೆಗೆ, ಬಾಯಿಂದ ಬಾಯಿಗೆ ಆ ಮಾತು ನಡೆಯಿತು.

ಆ ಜನರನ್ನು ಆಕ್ಷೇಪಿಸುತ್ತಾ ಕುರ್‌ಆನ್, ಅವರು ಆ ಸುದ್ದಿಯನ್ನು ತಮ್ಮ ನಾಲಗೆಗಳಿಂದ ಸ್ವೀಕರಿಸಿದರು ಎನ್ನುತ್ತದೆ. ವಿಚಿತ್ರವಲ್ಲವೇ? ಸುದ್ದಿಯನ್ನು ಸ್ವೀಕರಿಸುವುದು ಕಿವಿ. ನಾಲಗೆಯ ಕೆಲಸ ಕೊಡುವುದು, ಕೊಳ್ಳುವುದಲ್ಲ. ಕಿವಿಗೂ ನಾಲಗೆಗೂ ನಡುವೆ ಅಲ್ಲಾಹನು ಹೃದಯವನ್ನೂ ಬುದ್ಧಿಯನ್ನೂ ಇಟ್ಟಿದ್ದಾನೆ. ಕೇಳಿದ್ದು ಅಲ್ಲಿ ಒಮ್ಮೆ ತಂಗಬೇಕು, ತೂಗಲ್ಪಡಬೇಕು. ಆ ನಡುವಿನ ಹಾದಿಯೇ ಇಲ್ಲವಾದಾಗ ಕೇಳುವುದೂ ಹೇಳುವುದೂ ಒಂದೇ ಕ್ರಿಯೆಯಾಗಿಬಿಡುತ್ತದೆ. ಅಂಥವನು ನಾಲಗೆಯಿಂದಲೇ ಕೇಳಿಸಿಕೊಳ್ಳುತ್ತಾನೆ. ವೀಡಿಯೋವನ್ನು ಪೂರ್ತಿ ನೋಡುವ ಮೊದಲೇ ಮುಂದಕ್ಕೆ ತಳ್ಳುವ ಹೆಬ್ಬೆರಳನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸಲು ನನ್ನಿಂದಾಗದು. ಅದೇ ಸೂಕ್ತವು ಇನ್ನೊಂದು ಮಾತನ್ನೂ ತಿಳಿಸುತ್ತದೆ. ನೀವು ಅದನ್ನು ಕ್ಷುಲ್ಲಕವೆಂದೆಣಿಸಿದ್ದಿರಿ, ಆದರೆ ಅಲ್ಲಾಹನ ಬಳಿ ಅದು ಘೋರವಾಗಿತ್ತು ಎಂದು.

ಗಮನಿಸಿರಿ, ಇಲ್ಲಿ ಆಕ್ಷೇಪಕ್ಕೊಳಗಾದವರು ಕಪಟಿಗಳು ಮಾತ್ರವಲ್ಲ. ಅಪವಾದವನ್ನು ಹೆಣೆದವನು ಕಪಟಿ, ಹೊತ್ತು ತಿರುಗಿದವರಲ್ಲಿ ಸಜ್ಜನರಿದ್ದರು. ಹ. ಮಿಸ್ತಹ್(ರ) ಬದ್ರ್‌ನಲ್ಲಿ ಹೋರಾಡಿದ ಮುಹಾಜಿರ್. ಹ. ಹಸ್ಸಾನ್(ರ) ಪ್ರವಾದಿವರ್ಯರ(ಸ) ಕವಿ. ಹ. ಹಮ್ನಾ(ರ) ಪ್ರವಾದಿಪತ್ನಿ ಹ. ಝೈನಬ್(ರ)ರ ಸಹೋದರಿ. ಅವರ ಈಮಾನ್‌ನಲ್ಲಿ ಕೊರತೆಯಿತ್ತೆಂದು ಹೇಳುವ ಎದೆ ಯಾರಿಗಿದೆ? ಆದರೂ ಅವರು ಜಾರಿದರು. ಬದ್ರ್‌ನ ಕತ್ತಿಗಳೆದುರು ಜಾರದ ಕಾಲು ಒಂದು ಮಾತಿನೆದುರು ಜಾರಿತು. ನಾವು ಒಳ್ಳೆಯವರು, ನಮ್ಮ ಉದ್ದೇಶ ಶುದ್ಧವೆಂಬ ಸಮಾಧಾನ ನಮ್ಮನ್ನು ಕಾಪಾಡಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ?

ಆ ಒಂದು ತಿಂಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಗೊತ್ತಿಲ್ಲದಿದ್ದುದು ಒಬ್ಬರಿಗೆ ಮಾತ್ರ, ಸ್ವತಃ ಹ. ಆಯಿಶಾ(ರ)ರಿಗೆ. ಅವರು ಜ್ವರದಿಂದ ಮಲಗಿದ್ದರು. ಪತಿಯ ಎಂದಿನ ಅಕ್ಕರೆ ಕಾಣದಿದ್ದುದನ್ನು ಗಮನಿಸಿದ್ದರೂ ಕಾರಣ ತಿಳಿದಿರಲಿಲ್ಲ. ಒಂದು ರಾತ್ರಿ ಮಿಸ್ತಹ್‌ರ ತಾಯಿಯ ಜೊತೆ ಹೊರಗೆ ಹೋದಾಗ ಆ ಮಹಿಳೆ ತನ್ನ ಹೊದಿಕೆಗೆ ಕಾಲು ತೊಡರಿ ಎಡವಿ, ಮಗನನ್ನು ಶಪಿಸಿದರು. ಬದ್ರ್‌ನಲ್ಲಿ ಪಾಲ್ಗೊಂಡವನನ್ನು ಹೀಗೆನ್ನುವುದೇ ಎಂದು ಆಯಿಶಾ(ರ) ಆಕ್ಷೇಪಿಸಿದರು. ತನ್ನ ಮಾನವನ್ನು ಬೀದಿಯಲ್ಲಿ ಹರಾಜಿಗಿಟ್ಟವನ ಪರವಾಗಿ ಅವರು ವಾದಿಸುತ್ತಿದ್ದರು! ಆಗಲೇ ಆ ತಾಯಿ ಎಲ್ಲವನ್ನೂ ಹೇಳಿದ್ದು. ಇಂದಿಗೂ ಹೀಗೆಯೇ ಅಲ್ಲವೇ? ಯಾವ ಮನೆಯ ಹೆಣ್ಣುಮಗಳ ಚಿತ್ರ ನೂರು ಮೊಬೈಲುಗಳಲ್ಲಿ ಸುತ್ತುತ್ತದೋ ಆ ಮನೆಗೆ ಅದು ತಲುಪುವುದು ಕೊನೆಯಲ್ಲಿ.

ಆ ಮದೀನದಲ್ಲೇ ಇನ್ನೊಂದು ಮನೆಯಿತ್ತು. ಹ. ಅಬೂ ಅಯ್ಯೂಬ್ ಅನ್ಸಾರಿ(ರ)ರ ಮನೆ. ಜನ ಆಡಿಕೊಳ್ಳುತ್ತಿರುವುದನ್ನು ಕೇಳಿದಿರಾ ಎಂದು ಪತ್ನಿ ವಿಚಾರಿಸಿದರು. ಕೇಳಿದ್ದೇನೆ, ಅದು ಸುಳ್ಳು ಎಂದರು ಅವರು. ಬಳಿಕ, ನೀನಾಗಿದ್ದರೆ ಅಂಥದ್ದನ್ನು ಮಾಡುತ್ತಿದ್ದೆಯಾ ಎಂದು ಪತ್ನಿಯನ್ನು ಕೇಳಿದರು. ಅಲ್ಲಾಹನಾಣೆ, ಇಲ್ಲವೆಂದರು ಆಕೆ. ಹಾಗಾದರೆ ಆಯಿಶಾ ನಿನಗಿಂತ ಉತ್ತಮರಲ್ಲವೇ ಎಂದರು ಅಬೂ ಅಯ್ಯೂಬ್. ಮಾತು ಅಲ್ಲಿಗೆ ಮುಗಿಯಿತು. ಆ ಮನೆಯ ಹೊಸ್ತಿಲನ್ನು ಅದು ದಾಟಲಿಲ್ಲ. ಅವರ ಬಳಿ ಪುರಾವೆಯೇನೂ ಇರಲಿಲ್ಲ, ಅವರು ತನಿಖೆ ನಡೆಸಲೂ ಇಲ್ಲ. ಇನ್ನೊಬ್ಬರ ಜಾಗದಲ್ಲಿ ತಮ್ಮನ್ನು ನಿಲ್ಲಿಸಿ ನೋಡಿದರು, ಅಷ್ಟೇ. ಅನ್ನೂರ್ ಅಧ್ಯಾಯದ 12ನೆಯ ಸೂಕ್ತವೂ ಇದನ್ನೇ ಕೇಳುತ್ತದೆ: ಅದನ್ನು ಕೇಳಿದೊಡನೆ ವಿಶ್ವಾಸಿ ಪುರುಷರೂ ಸ್ತ್ರೀಯರೂ ತಮ್ಮವರ ಬಗ್ಗೆ ಏಕೆ ಒಳಿತನ್ನೇ ಭಾವಿಸಲಿಲ್ಲ?

ಪಾಪ ಹಂಚಿಹೋಗುತ್ತದೆಯೇ ಎಂಬುದೂ ಯೋಚಿಸಬೇಕಾದ ವಿಷಯ. ಒಂದು ಲಕ್ಷ ಮಂದಿ ಕಳುಹಿಸಿದ ಸುಳ್ಳಿನಲ್ಲಿ ನನ್ನ ಪಾಲು ಲಕ್ಷದಲ್ಲೊಂದು ಎಂದು ನಮ್ಮ ಮನಸ್ಸು ಗುಟ್ಟಾಗಿ ಲೆಕ್ಕ ಹಾಕುತ್ತದೆ. ಆಸ್ತಿಯ ಪಾಲಿನ ಲೆಕ್ಕ ಅದು, ಪಾಪದ ಲೆಕ್ಕವಲ್ಲ. ಅಪವಾದದಲ್ಲಿ ಪಾಲ್ಗೊಂಡ ಪ್ರತಿಯೊಬ್ಬನಿಗೂ ಅವನು ಗಳಿಸಿದ ಪಾಪವಿದೆ, ಅದರ ದೊಡ್ಡ ಭಾಗವನ್ನು ಹೊತ್ತವನಿಗೆ ಘೋರ ಶಿಕ್ಷೆಯಿದೆ ಎಂದು 11ನೆಯ ಸೂಕ್ತ ಹೇಳುತ್ತದೆ. ಕೆಟ್ಟ ಮಾದರಿಯೊಂದನ್ನು ಆರಂಭಿಸಿದವನ ಮೇಲೆ ಅವನ ಪಾಪವೂ, ಅವನನ್ನು ಅನುಸರಿಸಿದವರ ಪಾಪವೂ ಇರುತ್ತದೆ, ಅದರಿಂದ ಅನುಸರಿಸಿದವರ ಹೊರೆ ಕಿಂಚಿತ್ತೂ ಕಡಿಮೆಯಾಗದು ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಮುರ್ಕಿಯ ಜನಜಂಗುಳಿಯಲ್ಲಿ ಒಂದೇ ಒಂದು ಕಲ್ಲೆಸೆದವನು, ನನ್ನ ಕಲ್ಲಿನಿಂದ ಅವನು ಸಾಯಲಿಲ್ಲ ಎನ್ನಬಹುದು. ಪ್ರತಿಯೊಬ್ಬನೂ ಹಾಗೆಯೇ ಹೇಳಿದರೆ ಆ ಯುವಕನನ್ನು ಕೊಂದವರು ಯಾರು?

ಸುದ್ದಿಯನ್ನು ಪರೀಕ್ಷಿಸುವುದು ಹೇಗೆಂಬುದಕ್ಕೆ ಹ. ಉಮರ್(ರ)ರ ಜೀವನದ ಒಂದು ಘಟನೆ ನನಗೆ ಬಹಳ ಪ್ರಿಯ. ಅವರು ಮದೀನದ ಹೊರವಲಯದಲ್ಲಿ ವಾಸವಾಗಿದ್ದರು. ಅವರೂ ನೆರೆಯ ಒಬ್ಬ ಅನ್ಸಾರಿಯೂ ಸರದಿ ಹಾಕಿಕೊಂಡಿದ್ದರು. ಒಂದು ದಿನ ಇವರು ಪ್ರವಾದಿವರ್ಯರ(ಸ) ಬಳಿಗೆ ಹೋಗಿ ಅಂದಿನ ವಿಷಯಗಳನ್ನು ಅರಿತು ಬಂದು ನೆರೆಯವರಿಗೆ ತಿಳಿಸಬೇಕು, ಮರುದಿನ ಅವರು. ಎಂಥ ಸೊಗಸಾದ ಏರ್ಪಾಡು! ಒಂದು ರಾತ್ರಿ ಆ ನೆರೆಯವರು ಬಂದು ಬಾಗಿಲು ಬಡಿದರು. ದೊಡ್ಡ ಅನಾಹುತವಾಗಿದೆ ಎಂದರು. ಗಸ್ಸಾನಿಗಳು ದಂಡೆತ್ತಿ ಬರುವರೆಂಬ ಭೀತಿ ಆಗ ಇತ್ತು. ಗಸ್ಸಾನಿಗಳು ಬಂದರೇ ಎಂದು ಉಮರ್(ರ) ಕೇಳಿದರು. ಇಲ್ಲ, ಅದಕ್ಕಿಂತಲೂ ದೊಡ್ಡದು, ಪ್ರವಾದಿವರ್ಯರು(ಸ) ತಮ್ಮ ಪತ್ನಿಯರಿಗೆ ತಲಾಕ್ ಹೇಳಿಬಿಟ್ಟಿದ್ದಾರೆ ಎಂದರು. ಅವರ ಪತ್ನಿಯರಲ್ಲಿ ಉಮರ್(ರ)ರ ಮಗಳು ಹ. ಹಫ್ಸಾ(ರ) ಕೂಡಾ ಇದ್ದರು.

ತಂದೆಯ ಎದೆ ಹೇಗಾಗಿರಬೇಡ! ಹೇಳಿದವನು ಅಪರಿಚಿತನಲ್ಲ, ದಿನನಿತ್ಯ ನಂಬುವ ನೆರೆಯವ. ಆದರೂ ಅವರು ಆ ಸುದ್ದಿಯನ್ನು ಇನ್ನೊಂದು ಬಾಗಿಲಿಗೆ ಒಯ್ಯಲಿಲ್ಲ. ಬೆಳಗಿನ ನಮಾಝಿಗೆ ಹೋದರು. ಮಗಳನ್ನು ಕಂಡರು, ಆಕೆ ಅಳುತ್ತಿದ್ದರು. ತಲಾಕ್ ಹೇಳಿದ್ದಾರೆಯೇ ಎಂದರೆ, ಗೊತ್ತಿಲ್ಲವೆಂದರು. ಮಸೀದಿಯಲ್ಲಿ ಮಿಂಬರ್‌ನ ಬಳಿ ಕುಳಿತ ಕೆಲವರು ಕಣ್ಣೀರಿಡುತ್ತಿದ್ದರು. ಇಷ್ಟೊಂದು ಜನ ಅಳುತ್ತಿದ್ದಾರೆಂದ ಮೇಲೆ ಅದು ನಿಜವೇ ಇರಬೇಕೆಂದು ನಾವಾಗಿದ್ದರೆ ತೀರ್ಮಾನಿಸಿಬಿಡುತ್ತಿದ್ದೆವು. ಅವರು ಪ್ರವಾದಿವರ್ಯರು(ಸ) ಏಕಾಂತದಲ್ಲಿದ್ದ ಮಹಡಿಯ ಕೋಣೆಗೆ ಹೋದರು. ಸೇವಕನ ಮೂಲಕ ಅನುಮತಿ ಕೇಳಿದರು, ಉತ್ತರವಿಲ್ಲ. ಮತ್ತೆ ಕೇಳಿದರು, ಉತ್ತರವಿಲ್ಲ. ಮೂರನೆಯ ಬಾರಿ ಅನುಮತಿ ದೊರೆಯಿತು. ನೇರವಾಗಿಯೇ ಕೇಳಿದರು. ಇಲ್ಲವೆಂದರು ಪ್ರವಾದಿವರ್ಯರು(ಸ). ಉಮರ್(ರ) ಅಲ್ಲಾಹು ಅಕ್ಬರ್ ಎಂದರು. ಬಳಿಕ ಮಸೀದಿಯ ಬಾಗಿಲಲ್ಲಿ ನಿಂತು ಗಟ್ಟಿಯಾದ ದನಿಯಲ್ಲಿ ಆ ಸುದ್ದಿ ಸುಳ್ಳೆಂದು ಸಾರಿದರು. ಶಾಂತಿಯ ಅಥವಾ ಭೀತಿಯ ಸುದ್ದಿ ಸಿಕ್ಕೊಡನೆ ಅದನ್ನು ಹರಡಿಬಿಡುವವರನ್ನು ಆಕ್ಷೇಪಿಸಿ, ಅದನ್ನು ಅರಿಯಬಲ್ಲವರ ಬಳಿಗೆ ಒಯ್ಯಬೇಕೆಂದು ಸೂಚಿಸುವ ಅನ್ನಿಸಾ ಅಧ್ಯಾಯದ 83ನೆಯ ಸೂಕ್ತವನ್ನು ಸಹೀಹ್ ಮುಸ್ಲಿಮ್‌ನ ವರದಿಯು ಈ ಘಟನೆಗೇ ಜೋಡಿಸುತ್ತದೆ.

ಈ ಘಟನೆಯಲ್ಲಿ ಒಂದು ಸೂಕ್ಷ್ಮವಿದೆ. ಆ ನೆರೆಯವರು ಸುಳ್ಳುಗಾರರಾಗಿರಲಿಲ್ಲ. ಪ್ರವಾದಿವರ್ಯರು(ಸ) ಒಂದು ತಿಂಗಳ ಕಾಲ ಪತ್ನಿಯರಿಂದ ದೂರವಿರುವುದಾಗಿ ನಿಶ್ಚಯಿಸಿ ಬೇರೆ ಕೋಣೆಯಲ್ಲಿದ್ದುದು ನಿಜ. ಜನ ಕಂಡದ್ದು ಅದನ್ನು. ತಲಾಕ್ ಎಂಬುದು ಅವರ ಊಹೆ. ಕಂಡದ್ದು ಸತ್ಯ, ಊಹೆ ಸುಳ್ಳು, ಆದರೆ ಬಾಯಿಂದ ಬಾಯಿಗೆ ಹೋಗುವಾಗ ಊಹೆಯೇ ಸುದ್ದಿಯ ವೇಷ ತೊಟ್ಟಿತು. ಇಂದು ನಮ್ಮ ಮೊಬೈಲುಗಳಲ್ಲಿ ಸುತ್ತುವ ಸುಳ್ಳುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಚಿತ್ರ ನಿಜ, ಅದರ ಕೆಳಗಿನ ಬರಹ ಸುಳ್ಳು. ಈಗಂತೂ ಕೃತಕ ಬುದ್ಧಿಮತ್ತೆಯಿಂದ ಮುಖವನ್ನೂ ಧ್ವನಿಯನ್ನೂ ಸೃಷ್ಟಿಸಬಹುದು, ಕಣ್ಣಾರೆ ಕಂಡೆ ಕಿವಿಯಾರೆ ಕೇಳಿದೆ ಎಂಬ ಮಾತಿಗೂ ಬೆಲೆಯಿಲ್ಲ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದ ನಮ್ಮ ಹಿರಿಯರು ಮೊಬೈಲನ್ನು ಕಂಡವರಲ್ಲ!

ಇಷ್ಟನ್ನು ಓದಿ ನೀವು ತಲೆದೂಗುತ್ತಿರಬಹುದು. ನಮ್ಮ ವಿರುದ್ಧ ಸುಳ್ಳು ಹರಡಿದವರ ನೆನಪು ನಿಮಗೆ ಬಂದಿರಬಹುದು. ಬಾರದಿರಲು ಸಾಧ್ಯವೇ? 2020ರ ಮಾರ್ಚ್ ಕೊನೆಯಲ್ಲಿ ದಿಲ್ಲಿಯ ನಿಝಾಮುದ್ದೀನ್ ಮರ್ಕಝ್‌ನ ಸುದ್ದಿ ಹೊರಬಿದ್ದ ಬಳಿಕ ಟಿವಿ ಪರದೆಗಳಲ್ಲಿ ಏನೇನು ನಡೆಯಿತೆಂಬುದನ್ನು ಯಾರೂ ಮರೆತಿಲ್ಲ. ಊಟದ ಒಂದು ಅಗುಳೂ ವ್ಯರ್ಥವಾಗಬಾರದೆಂದು ತಟ್ಟೆಯನ್ನು ನೆಕ್ಕಿ ಶುಚಿಗೊಳಿಸುತ್ತಿದ್ದ ಬೋಹ್ರಾ ಸಮುದಾಯದವರ ಹಳೆಯ ದೃಶ್ಯವನ್ನು ಕೊರೋನಾ ಹರಡುವ ಸಂಚೆಂದು ಬಣ್ಣಿಸಲಾಯಿತು. ತಳ್ಳುಗಾಡಿಯಲ್ಲಿ ಹಣ್ಣು ತರಕಾರಿ ಮಾರುವ ಬಡವರು ಹೆಸರಿನ ಕಾರಣಕ್ಕೆ ಬೀದಿಗಳಿಂದ ಅಟ್ಟಲ್ಪಟ್ಟರು. ಅದೇ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಮಾಧ್ಯಮಗಳ ಅಪಪ್ರಚಾರವನ್ನು ಟೀಕಿಸಿತು. ಆದರೆ ತೀರ್ಪು ಬರುವ ಹೊತ್ತಿಗೆ ತಳ್ಳುಗಾಡಿಯವನ ನಾಲ್ಕೈದು ತಿಂಗಳ ಅನ್ನ ಹೋಗಿಯಾಗಿತ್ತು. ಸುಳ್ಳಿಗೆ ಇಡೀ ರಾತ್ರಿಯ ಚರ್ಚೆ, ತೀರ್ಪಿಗೆ ಪರದೆಯ ಅಡಿಯಲ್ಲೊಂದು ಸಾಲು.

ಈ ನೋವು ನ್ಯಾಯವಾದದ್ದು. ಆದರೆ ನೋವುಂಡವನಿಗೆ ತೂಕ ತಪ್ಪಿಸುವ ಹಕ್ಕು ಬರುವುದಿಲ್ಲ. ಆದ್ದರಿಂದಲೇ 2012ರ ಘಟನೆಯನ್ನು ನೆನಪಿಸಬೇಕಾಗಿದೆ. ಅದನ್ನು ನಮ್ಮ ಪತ್ರಿಕೆಗಳಲ್ಲಿ ನಾವು ಸಾಕಷ್ಟು ಬರೆದಿಲ್ಲವೆಂದೇ ನನ್ನ ಅಭಿಪ್ರಾಯ. ಆ ವರ್ಷ ಮ್ಯಾನ್ಮಾರ್‌ನ ರಖೈನ್‌ನಲ್ಲಿ ರೋಹಿಂಗ್ಯಾ ಮುಸ್ಲಿಮರ ಮೇಲೆ, ಬಳಿಕ ಅಸ್ಸಾಮಿನ ಕೊಕ್ರಜಾರ್ ಪ್ರದೇಶದಲ್ಲಿ ನಡೆದ ಹಿಂಸೆ ಸುಳ್ಳಲ್ಲ. ಆದರೆ ಅದರ ಹೆಸರಿನಲ್ಲಿ ನಮ್ಮವರೇ ಹಂಚಿದ ಚಿತ್ರಗಳಲ್ಲಿ ಹಲವು ಸುಳ್ಳಾಗಿದ್ದವು. ಸಾಲು ಹೆಣಗಳ ನಡುವೆ ಬೌದ್ಧ ಭಿಕ್ಷುಗಳು ನಿಂತಿರುವ ಒಂದು ಚಿತ್ರ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅವು ಮುಸ್ಲಿಮರ ಹೆಣಗಳಾಗಿರಲಿಲ್ಲ. 2010ರಲ್ಲಿ ಚೀನಾದ ಟಿಬೆಟನ್ ಪ್ರದೇಶವಾದ ಯುಶುವಿನಲ್ಲಿ ಸಂಭವಿಸಿದ ಭೂಕಂಪದಲ್ಲಿ ಸತ್ತವರ ಹೆಣಗಳವು. ಅಂತ್ಯಸಂಸ್ಕಾರಕ್ಕೆ ನೆರವಾಗಲು ಬಂದಿದ್ದ ಭಿಕ್ಷುಗಳನ್ನು ನಾವು ಕೊಲೆಗಾರರೆಂದು ಜಗತ್ತಿಗೆ ತೋರಿಸಿದೆವು. ಅಪವಾದವಲ್ಲದೆ ಇದು ಇನ್ನೇನು?

ಆಗಸ್ಟ್ 11ರಂದು ಮುಂಬಯಿಯ ಆಝಾದ್ ಮೈದಾನದ ಪ್ರತಿಭಟನೆ ಹಿಂಸೆಗೆ ತಿರುಗಿತು. ಕೆಲವೇ ದಿನಗಳಲ್ಲಿ, ರಮಝಾನ್ ಮುಗಿದೊಡನೆ ಈಶಾನ್ಯ ರಾಜ್ಯಗಳವರ ಮೇಲೆ ಮುಸ್ಲಿಮರು ದಾಳಿ ಮಾಡುವರೆಂಬ ಎಸ್‌ಎಂಎಸ್‌ಗಳು ಬೆಂಗಳೂರಿನಲ್ಲಿ ಹರಿದಾಡಿದವು. ಈ ಬಾರಿ ಸುಳ್ಳು ನಮ್ಮ ಹೆಸರಿನಲ್ಲಿ ಹೊರಟಿತ್ತು. ಹೋಟೆಲುಗಳಲ್ಲಿ, ಭದ್ರತಾ ಕಾವಲಿನಲ್ಲಿ, ಬ್ಯೂಟಿ ಪಾರ್ಲರುಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಯುವಕ ಯುವತಿಯರು ಬ್ಯಾಗು ಹೊತ್ತು ನಗರದ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಆಗಸ್ಟ್ 17ರಂದು ಕೇಂದ್ರ ಸರಕಾರ ಹದಿನೈದು ದಿನಗಳ ಮಟ್ಟಿಗೆ ಸಾಮೂಹಿಕ ಎಸ್‌ಎಂಎಸ್‌ಗಳನ್ನು ನಿಷೇಧಿಸಿ, ಒಬ್ಬರು ಐದಕ್ಕಿಂತ ಹೆಚ್ಚು ಮಂದಿಗೆ ಕಳುಹಿಸದಂತೆ ಮಿತಿ ಹೇರಿತು. ಮೂರು ದಿನಗಳ ಬಳಿಕ ಈದ್ ಬಂತು. ಬೆಂಗಳೂರಿನಲ್ಲಿ ಏನೂ ಆಗಲಿಲ್ಲ. ಈದ್‌ನ ಹೆಸರು ಕೇಳಿಯೇ ಓಡಿಹೋದ ಆ ಮಕ್ಕಳ ಪಾಲಿಗೆ ನಮ್ಮ ಹಬ್ಬ ಏನೆಂದು ಉಳಿಯಿತೋ!

ಐದರ ಈ ಮಿತಿ ಮತ್ತೊಮ್ಮೆ ಬಂತು. 2018ರ ಜುಲೈಯಲ್ಲಿ ಆ ಕೊಲೆಗಳ ಬಳಿಕ ವಾಟ್ಸ್ಆ್ಯಪ್ ಕಂಪೆನಿ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆಗೆ ಮಾತ್ರ ಕಳುಹಿಸಲು ಅವಕಾಶವಿತ್ತು. 2020ರ ಏಪ್ರಿಲ್‌ನಲ್ಲಿ, ಬಹಳ ಬಾರಿ ಸುತ್ತಿ ಬಂದ ಸಂದೇಶಗಳನ್ನು ಒಂದೇ ಕಡೆಗೆ ಸೀಮಿತಗೊಳಿಸಿತು. ಲಾಭಕ್ಕಾಗಿ ನಡೆಯುವ ಕಂಪೆನಿಯೊಂದು ನಮ್ಮ ಹೆಬ್ಬೆರಳಿಗೆ ಕಡಿವಾಣ ಹಾಕಬೇಕಾಯಿತು. ಇದನ್ನು ಬರೆಯುವಾಗ ನನಗೆ ಸ್ವಲ್ಪ ನಾಚಿಕೆಯೇ ಆಗುತ್ತದೆ. ಏಕೆಂದರೆ ಈ ಸಮುದಾಯವು ಸುದ್ದಿಯ ಮೂಲವನ್ನು ಕೇಳುವ ವಿದ್ಯೆಯನ್ನೇ ಒಂದು ಶಾಸ್ತ್ರವಾಗಿ ಕಟ್ಟಿದ ಸಮುದಾಯ. ಹದೀಸ್ ವಿದ್ವಾಂಸರು ಒಂದು ವಾಕ್ಯಕ್ಕಾಗಿ ತಿಂಗಳುಗಟ್ಟಲೆ ಪ್ರಯಾಣಿಸಿದರು. ಯಾರು ಯಾರಿಂದ ಕೇಳಿದರು, ಅವರಿಬ್ಬರೂ ಭೇಟಿಯಾಗಿದ್ದರೇ, ಅವನ ನೆನಪು ಹೇಗೆ, ನಡತೆ ಹೇಗೆ ಎಂದು ವರದಿಗಾರರ ಸರಪಣಿಯ ಒಂದೊಂದು ಕೊಂಡಿಯನ್ನೂ ಬಡಿದು ನೋಡಿದರು. ಹ. ಅಬೂ ಮೂಸಾ ಅಶ್‌ಅರೀ(ರ) ಅವರಂಥ ಸಹಾಬಿ ಒಂದು ಹದೀಸನ್ನು ಹೇಳಿದಾಗಲೂ ಹ. ಉಮರ್(ರ) ಸಾಕ್ಷಿಯನ್ನು ಕೇಳಿದರು. ಅಬೂ ಸಈದ್ ಖುದ್ರಿ(ರ) ಬಂದು ಸಾಕ್ಷಿ ನುಡಿಯಬೇಕಾಯಿತು. ಅಂಥವರ ವಾರಸುದಾರರಾದ ನಾವು ಹೆಸರು, ಊರು, ಗ್ರಂಥ ಯಾವುದೂ ಇಲ್ಲದ ಹದೀಸನ್ನು ಹೂವಿನ ಚಿತ್ರದ ಮೇಲೆ ಬರೆದು ಜುಮಾ ಮುಬಾರಕ್ ಎಂದು ಕಳುಹಿಸುತ್ತೇವೆ. ನಾವು ಅದನ್ನು ಪುಣ್ಯವೆಂದು ತಿಳಿದು ಮಾಡುತ್ತೇವೆಂಬುದೇ ಅದರಲ್ಲಿರುವ ಅಪಾಯ. ಪ್ರವಾದಿವರ್ಯರು(ಸ) ಹೇಳದಿದ್ದುದನ್ನು ಅವರ ಹೆಸರಿನಲ್ಲಿ ಹೇಳುವವನಿಗೆ ಅವರೇ ನೀಡಿದ ಎಚ್ಚರಿಕೆಯನ್ನು ನೀವು ಬಲ್ಲಿರಿ.

ಜನ ಹೀಗೆನ್ನುತ್ತಾರೆ ಎಂಬ ಮಾತನ್ನು ಪ್ರವಾದಿವರ್ಯರು(ಸ) ಒಂದು ಕೆಟ್ಟ ಸವಾರಿಪ್ರಾಣಿಗೆ ಹೋಲಿಸಿರುವುದು ಅಬೂ ದಾವೂದ್ ಗ್ರಂಥದಲ್ಲಿದೆ. ನಮ್ಮ ಕನ್ನಡದ ಅಂತೆ ಕಂತೆ ಎಂಬುದು ಅದೇ ಪ್ರಾಣಿ. ಅದರ ಬೆನ್ನೇರಿ ಎಲ್ಲಿಗೆ ಬೇಕಾದರೂ ಹೋಗಬಹುದು, ಇಳಿದ ಬಳಿಕ ಅದು ಯಾರದ್ದೆಂದು ಹೇಳಬೇಕಾಗಿಲ್ಲ. ಕೇಳಿದ್ದೆಲ್ಲವನ್ನೂ ಆಡಿಬಿಡುವುದೊಂದೇ ಸಾಕು, ಮನುಷ್ಯ ಸುಳ್ಳುಗಾರನಾಗಲು ಎಂಬರ್ಥದ ವಚನವೊಂದು ಸಹೀಹ್ ಮುಸ್ಲಿಮ್‌ನ ಪೀಠಿಕೆಯಲ್ಲಿದೆ. ಸುಳ್ಳೆಂದು ತಿಳಿದೂ ಹೇಳಿದರೆ ಎಂದಲ್ಲ, ಕೇಳಿದ್ದೆಲ್ಲವನ್ನೂ ಹೇಳಿದರೆ. ಕೇಳಿದ್ದರಲ್ಲಿ ಸುಳ್ಳು ಇದ್ದೇ ಇರುತ್ತದೆ. ಆರಿಸದೆ ಹಂಚುವವನು ಅದನ್ನೂ ಹಂಚಿಯೇ ತೀರುತ್ತಾನೆ.

ಈಗ ನಿಮ್ಮಲ್ಲೊಬ್ಬರು ಕೇಳಬಹುದು: ಒಂದು ವೇಳೆ ಅದು ನಿಜವಾಗಿದ್ದರೆ? ಮಗುವೊಂದು ನಿಜಕ್ಕೂ ಕಳೆದುಹೋಗಿದ್ದರೆ, ಸುಮ್ಮನಿದ್ದುದಕ್ಕೆ ನಾನು ಉತ್ತರಿಸಬೇಡವೇ? ಪ್ರಶ್ನೆ ತೂಕದ್ದೇ. ಸಾಕ್ಷ್ಯವನ್ನು ಬಚ್ಚಿಡುವುದೂ ಪಾಪ. ಆದರೆ ಸಾಕ್ಷ್ಯವೆಂದರೆ ಕಂಡದ್ದು, ಅರಿತದ್ದು. ಅರಿಯದ್ದನ್ನು ಹಿಂಬಾಲಿಸಬೇಡಿರಿ, ಕಿವಿ ಕಣ್ಣು ಹೃದಯಗಳೆಲ್ಲವೂ ವಿಚಾರಿಸಲ್ಪಡುವುವು ಎಂದು ಬನೀ ಇಸ್ರಾಈಲ್ ಅಧ್ಯಾಯದ 36ನೆಯ ಸೂಕ್ತ ಎಚ್ಚರಿಸುವಾಗ, ನಮ್ಮ ಮೌನಕ್ಕಿರುವಂತೆ ನಮ್ಮ ಆತುರಕ್ಕೂ ವಿಚಾರಣೆಯಿದೆ. ಮಗು ಕಳೆದುಹೋಗಿದೆಯೆಂದು ಸಂದೇಶ ಬಂದರೆ ಅದರಲ್ಲೊಂದು ದೂರವಾಣಿ ಸಂಖ್ಯೆ ಇರುತ್ತದೆ. ಅದಕ್ಕೆ ಕರೆ ಮಾಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಕೊಡಲಾರದವನ ಅನುಕಂಪ ಎಂಥದ್ದು?

ಇದನ್ನು ನಾನು ಕಲಿತದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಂದೇಶ ನನಗೂ ಬಂದಿತ್ತು. ಶಾಲಾ ಸಮವಸ್ತ್ರದ ಒಬ್ಬ ಪುಟ್ಟ ಹುಡುಗನ ಚಿತ್ರ, ನಿನ್ನೆ ಸಂಜೆಯಿಂದ ಕಾಣೆ, ಕೆಳಗೊಂದು ಸಂಖ್ಯೆ. ಮನಸ್ಸು ಕರಗಿ ನಮ್ಮ ಕುಟುಂಬದ ಗುಂಪಿಗೂ ಇನ್ನೆರಡು ಗುಂಪುಗಳಿಗೂ ಕಳುಹಿಸಿದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಹುಡುಗ ಸಿಕ್ಕಿದನೋ ಇಲ್ಲವೋ ಎಂದು ತಿಳಿಯಲು ಮರುದಿನ ಆ ಸಂಖ್ಯೆಗೆ ಕರೆ ಮಾಡಿದೆ. ಎತ್ತಿದವರು ತಂದೆ. ನಾನು ವಿಷಯ ಹೇಳುವ ಮೊದಲೇ ಅವರಿಗೆ ಗೊತ್ತಾಯಿತು.

"ಸಾರ್, ಮಗ ಸಿಕ್ಕಿ ಆರು ವರ್ಷ ಆಯ್ತು. ಅವತ್ತು ರಾತ್ರೀನೇ ಸಿಕ್ಕಿದ. ಈಗ ಒಂಬತ್ತನೇ ಕ್ಲಾಸು."

ನಾನು ಕ್ಷಮೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. ನಂಬರ್ ಬದಲಿಸೋಣವೆಂದರೆ ವ್ಯಾಪಾರದ್ದು, ಎಲ್ಲರ ಹತ್ತಿರ ಇದೇ ಇದೆ ಎಂದರು. ಹುಡುಗನಿಗೆ ಈಗ ಶಾಲೆಯಲ್ಲಿ ಅದೇ ಅಡ್ಡಹೆಸರಂತೆ, ಕಳೆದುಹೋದವನು ಎಂದು. ಕೊನೆಯಲ್ಲಿ ಅವರೊಂದು ಮಾತು ಕೇಳಿದರು: "ನಿಮಗೆ ಕಳಿಸಿದೋರಿಗೆ ಒಂದು ಮಾತು ಹೇಳ್ತೀರಾ ಸಾರ್?"

ತೌಬಾ ಎಂದರೆ ಮನಸ್ಸಿನಲ್ಲಿ ಅಸ್ತಗ್‌ಫಿರುಲ್ಲಾಹ್ ಎಂದುಕೊಳ್ಳುವುದಷ್ಟೇ ಅಲ್ಲ, ಕೆಡಿಸಿದ್ದನ್ನು ಸರಿಪಡಿಸಿ ಬಹಿರಂಗ ಪಡಿಸುವುದೂ ಅದರ ಭಾಗವೆಂದು ಅಲ್‌ಬಕರಃದ 160ನೆಯ ಸೂಕ್ತದಿಂದ ತಿಳಿಯುತ್ತದೆ. ಹ. ಉಮರ್(ರ) ಮಸೀದಿಯ ಬಾಗಿಲಲ್ಲಿ ನಿಂತು ಸಾರಿದ್ದು ಅದಕ್ಕೇ. ನಾನೂ ಮೂರು ಗುಂಪುಗಳಲ್ಲಿ ಬರೆದೆ, ಹುಡುಗ ಸಿಕ್ಕಿ ಆರು ವರ್ಷಗಳಾಗಿವೆ, ನಾನು ವಿಚಾರಿಸದೆ ಕಳುಹಿಸಿದ್ದು ತಪ್ಪು, ನೀವು ಮುಂದಕ್ಕೆ ಕಳುಹಿಸಿದ್ದರೆ ದಯವಿಟ್ಟು ಇದನ್ನೂ ಅವರಿಗೆ ತಲುಪಿಸಿರಿ ಎಂದು. ನನಗೆ ಕಳುಹಿಸಿದ್ದ ಗೆಳೆಯನಿಗೂ ತಿಳಿಸಿದೆ. ಆತನಿಗೆ ಯಾರು ಕಳುಹಿಸಿದ್ದರೆಂಬುದು ಆತನಿಗೆ ನೆನಪಿರಲಿಲ್ಲ. ಮೂರು ಗುಂಪುಗಳಲ್ಲಿ ಒಟ್ಟು ನೂರಕ್ಕೂ ಮಿಕ್ಕಿ ಜನರಿದ್ದರು. ಮೊದಲ ಸಂದೇಶಕ್ಕೆ ಒಂದೇ ಗಂಟೆಯಲ್ಲಿ ಮೂವತ್ತು ಉತ್ತರಗಳು ಬಂದಿದ್ದವು, ದುಆಗಳು, ಕಣ್ಣೀರಿನ ಚಿಹ್ನೆಗಳು. ಎರಡನೆಯದಕ್ಕೆ ಇಬ್ಬರು ಉತ್ತರಿಸಿದರು. ಒಬ್ಬರು ನನ್ನ ಅತ್ತಿಗೆ. ತನ್ನ ತವರಿನ ಗುಂಪಿಗೂ ಅದನ್ನು ಕಳುಹಿಸಿದ್ದೆ, ಈಗ ಹೇಳುತ್ತೇನೆ ಎಂದರು. ಉಳಿದವರು ಅದನ್ನು ಎಲ್ಲೆಲ್ಲಿಗೆ ಕಳುಹಿಸಿದರೆಂದು ನನಗೆ ತಿಳಿಯದು. ಆ ತಂದೆಯ ಮೊಬೈಲು ಇಂದೂ ರಿಂಗಾಗುತ್ತಿರಬಹುದು.